ಬೊಟ್ಟಿಟ್ಟ ಲಿವರ್

ಚಿನ್ನಮನೂರಿನ ಅಳಗರ್ ವರ್ಕ್‌ಶಾಪಿನಲ್ಲಿ ಬೆಳಗಿನಿಂದ ಮಿಲ್ಲಿಂಗ್ ಮಿಷನ್ನಿನ, ಲೋಹ ಕೊರೆಯುವ ಎರಡು ಕಟರ್ ಮುರಿದಿದ್ದವು. ಉಳಿದದ್ದು ಒಂದೇ. ಬಾಗಿಲಲ್ಲಿ ಹನುಮಂತನಪಟ್ಟಿಯ ವೆಳ್ಳೈಯಮ್ಮಾಳ್ ಕಾದು ಕೂತಿದ್ದಳು. ಅವಳ ದ್ರಾಕ್ಷಿಗೆ ಬೂಜು ಹತ್ತಿತ್ತು. ಮದ್ದಿನ ಪಂಪಿನ ಹೊಸ ಸ್ಟೇನ್‌ಲೆಸ್ ಶಾಫ್ಟಿಗೆ, ಗಾಲಿಯನ್ನು ಬಿಗಿಹಿಡಿಯುವ ಕೀ ಎಂಬ ತುಂಡು ಕೂರುವ ಸ್ಲಾಟ್ ಕೊರೆದರೆ ಸಂಜೆಯೊಳಗೆ ಮದ್ದು ಹೊಡೆಯಬಹುದು. ಇಲ್ಲದಿದ್ದರೆ ಬೆಳೆಯ ಆಸೆ ಬಿಡಬೇಕು.

"ಈ ಸ್ಟೀಲೇ ಸರಿಯಿಲ್ಲಕ್ಕಾ" ಎಂದ ಅಳಗರ್.

"ಕುಣಿಯಾಕೆ ಬರದವಳು ನೆಲ ಡೊಂಕು ಅಂದಳಂತೆ!" ಎಂದಳು ವೆಳ್ಳೈಯಮ್ಮಾಳ್.

ಅಳಗರ್‌ನ ಅಣ್ಣನ ಮಗಳು, ಐಟಿಐನಲ್ಲಿ ಪಾಠ ಹೇಳುವ ತೇನ್‌ಮೊಳಿ, ಊಟದ ಡಬ್ಬಿ ತಂದವಳು ಮಿಷನ್ನಿನತ್ತ ನೋಡಿದಳು. ವೇಗದ ಲಿವರ್ ನಿಮಿಷಕ್ಕೆ ಸಾವಿರದೈನೂರು ಸುತ್ತಿನಲ್ಲಿತ್ತು, ಮೇಲೊಂದು ಕುಂಕುಮದ ಬೊಟ್ಟು.

"ಇದನ್ನ ಇಳಿಸು ಚಿಕ್ಕಪ್ಪಾ."

"ಬ್ಯಾಡ ತಾಯೀ. ಆಯುಧಪೂಜೇಲಿ ನಮ್ಮಪ್ಪ ಬೊಟ್ಟಿಟ್ಟ ನಂಬರು."

ಅಪ್ಪ ಹೋದ ಮೇಲೂ ವರ್ಷವರ್ಷ ಅಲ್ಲೇ ಹೊಸ ಬೊಟ್ಟು. ಭಕ್ತಿ ಒಳ್ಳೆಯದೇ, ಆದರೆ ಕಟರ್‌ಗೆ ಅದು ತಿಳಿಯಬೇಕಲ್ಲ!

"ತಾತ ಸ್ಟೇನ್‌ಲೆಸ್ ಕೊರೀತಿದ್ರಾ?"

"ಇಲ್ಲ, ಬರೀ ಮೆತ್ತನೆ ಮೈಲ್ಡ್ ಸ್ಟೀಲು."

"ಅದಕ್ಕೆ ಅದು ಸರಿ. ಇದಕ್ಕೆ ಕಟರ್ ಅಂಚು ನಿಮಿಷಕ್ಕೆ ಹದಿನೈದು ಮೀಟರ್ ಓಡಿದ್ರೆ ಸಾಕು. ಹದಿನೈದನ್ನ ಯಾವಾಗ್ಲೂ ಬದಲಾಗದ ಮುನ್ನೂರ ಹದಿನೆಂಟರಿಂದ ಗುಣಿಸು, ಕಟರ್ ದಪ್ಪ ಆರು ಮಿಲಿಮೀಟರ್, ಆರರಿಂದ ಭಾಗಿಸು. ನಿಮಿಷಕ್ಕೆ ಅಷ್ಟು ಸುತ್ತು."

"ಎಂಟ್ನೂರು ಹತ್ರ ಬತ್ತದೆ" ಎಂದ ಅಳಗರ್.

"ಹಪ್ಪಳ ಕರಿಯೋ ಉರೀಲಿ ಹಾಲು ಕಾಯಿಸ್ತಾರೇನಪ್ಪಾ?" ಎಂದಳು ವೆಳ್ಳೈಯಮ್ಮಾಳ್.

"ಇನ್ನೊಂದು ಚಿಕ್ಕಪ್ಪಾ" ಎಂದಳು ತೇನ್‌ಮೊಳಿ, "ಶಾಫ್ಟ್ ಮುಂದೆ ನೂಕೋ ಚಕ್ರಾನ ನೀನು ಹೆದರಿ ಹೆದರಿ ತಿರುಗಿಸ್ತೀಯ. ಕಟರ್ ಹಲ್ಲು ಕಡಿಯಲ್ಲ, ಉಜ್ಜತದೆ. ಉಜ್ಜಿದಷ್ಟೂ ಈ ಸ್ಟೀಲು ಗಟ್ಟಿಯಾಗತದೆ. ಸುತ್ತಿಗೆ ಒಂದೊಂದು ಹಲ್ಲು ಕಡಿಯೋದು ಸೊನ್ನೆ ಪಾಯಿಂಟ್ ಸೊನ್ನೆ ಎರಡು ಮಿಲಿಮೀಟರ್, ಹಲ್ಲು ಎರಡು, ಸುತ್ತು ಎಂಟ್ನೂರು. ನಿಮಿಷಕ್ಕೆ ಮೂವತ್ತೆರಡು ಮಿಲಿಮೀಟರ್ ನಿಲ್ಲದೆ ಸಾಗ್ಲಿ. ತಂಪಿಗೆ ಕೂಲೆಂಟ್ ನೀರು ಬಿಡು."

ಅಳಗರ್ ಲಿವರ್ ಮೇಲೆ ಕೈಯಿಟ್ಟ. ಅಪ್ಪನ ಕೈಯನ್ನೇ ಸರಿಸಿದಂತೆನಿಸಿತು. ಬಾಗಿಲ ಕಡೆ ನೋಡಿದ. ವೆಳ್ಳೈಯಮ್ಮಾಳ್ ಸೆರಗಿನ ತುದಿ ಹಿಂಡುತ್ತಿದ್ದಳು. ಮೋಟರ್ ನಿಲ್ಲಿಸಿ ಲಿವರನ್ನು ಎಂಟ್ನೂರಕ್ಕೆ ತಿರುಗಿಸಿಯೇಬಿಟ್ಟ. ಮತ್ತೆ ಮೋಟರ್ ಹಾಕಿ, ಕೂಲೆಂಟ್ ಬಿಟ್ಟು, ಚಕ್ರವನ್ನು ನಿಲ್ಲಿಸದೆ ತಿರುಗಿಸಿದ.

ಕಿರುಚಾಟವಿಲ್ಲ, ಹೊಗೆಯಿಲ್ಲ. ಹೊಳೆಯುವ ಚೂರುಗಳು ಸುರುಳಿಯಾಗಿ ಉದುರಿದವು. ಕಟರ್ ಉಳಿಯಿತು, ಸ್ಲಾಟಿನಲ್ಲಿ ಕೀ ಸರಿಯಾಗಿ ಕೂತಿತು. ಶಾಫ್ಟನ್ನು ಮಡಿಲಿಗೆ ಹಾಕಿಕೊಂಡು ವೆಳ್ಳೈಯಮ್ಮಾಳ್ ಬಸ್ಸಿಗೆ ಓಡಿದಳು. ಅಳಗರ್‌ಗೆ ಮನಸ್ಸು ತುಂಬ ಸಂತೋಷ.

ತೇನ್‌ಮೊಳಿ ಲೋಹಕ್ಕೊಂದು ವೇಗದ ಪಟ್ಟಿ ಬರೆದು ಗೋಡೆಗೆ ಅಂಟಿಸಿದಳು. ಅಳಗರ್ ಕೈ ತೊಳೆದು ಬಂದು ಆ ಪಟ್ಟಿಗೇ ಬೊಟ್ಟಿಟ್ಟ. "ಅಪ್ಪ ಇದ್ದಿದ್ರೂ ಇಲ್ಲೇ ಇಡ್ತಿದ್ರು" ಎಂದ.

ವರ್ಕ್‌ಶಾಪಿನ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಲಿವರ್ ಎಷ್ಟು ವರ್ಷದಿಂದ ಒಂದೇ ಕಡೆ ಕೂತಿದೆ? ನಾಳೆ ಮೋಟರ್ ಹಾಕುವ ಮೊದಲು ನೋಡಿ: ಯಾವ ಲೋಹ, ಎಷ್ಟು ದಪ್ಪದ ಕಟರ್, ಎಷ್ಟು ಹಲ್ಲು? ಲೆಕ್ಕ ಬಾರದಿದ್ದರೆ ಬಲ್ಲವರನ್ನು ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಹಿರಿಯರು ಮನಸ್ಸಿನಲ್ಲಿರಲಿ, ಲಿವರ್ ಮಾತ್ರ ಲೋಹ ನೋಡಿ ತಿರುಗಲಿ.