ನಡುಕದ ಪೆಟ್ಟಿಗೆ ಕಳಿಸಿದವರು

ದುಡ್ಡು ಕೊಟ್ಟು ಹೆದರಿಕೆ ತರಿಸಿಕೊಳ್ಳುವ ಜನ ಇದ್ದಾರೆಂದು ನನಗೆ ಗೊತ್ತಾದದ್ದೇ ಆ ಪೆಟ್ಟಿಗೆ ಬಂದ ಮೇಲೆ. ಮಗಳು ಪ್ರೇಕ್ಷಾ ಹೆರಿಗೆಗೆಂದು ಹಾಸನದ ಗಂಡನ ಮನೆಯಿಂದ ದಂಡಿಗನಹಳ್ಳಿಗೆ, ನಮ್ಮ ಮನೆಗೆ ಬಂದಿದ್ದಳು. ಬೆಳಗಿನ ತಿಂಡಿ ಮುಗಿದಿತ್ತು. ಕೊರಿಯರ್‌ನವನು ಒಂದು ಕಪ್ಪು ರಟ್ಟಿನ ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟು ಸಹಿ ಹಾಕಿಸಿಕೊಂಡು ಹೋದ. ಮೇಲೆ ಸ್ನೇಹಲತಾ ರಂಗಸ್ವಾಮಿ ಎಂದು ನನ್ನ ಹೆಸರೇ ಇತ್ತು. ನನ್ನ ಹೆಸರಿಗೆ ಏನೂ ಬರುವುದಿಲ್ಲ. ಕರೆಂಟ್ ಬಿಲ್ ಕೂಡ ಸತ್ತುಹೋದ ಮಾವನ ಹೆಸರಿಗೇ ಬರುತ್ತದೆ.

ಪ್ರೇಕ್ಷಾ ಕತ್ತರಿ ತಂದು ಟೇಪು ಕತ್ತರಿಸಿದಳು. ಒಳಗೆ ಕಪ್ಪು ಕಾಗದ ಸುತ್ತಿದ ಪುಸ್ತಕ, ಕಪ್ಪು ಮೇಣದಬತ್ತಿ, ಬಾಯಿಗೆ ಕೆಂಪು ದಾರದ ಹೊಲಿಗೆ ಹಾಕಿದ ಬಟ್ಟೆಯ ಗೊಂಬೆ, ‘ಮಸಣದ ಮಣ್ಣು’ ಎಂದು ಚೀಟಿ ಅಂಟಿಸಿದ ಪೊಟ್ಟಣ. ಪೊಟ್ಟಣ ಮೂಸಿದೆ. ಕಾಫಿಪುಡಿ.

“ಅಮ್ಮ, ಇದು ನಡುಕದ ಪೆಟ್ಟಿಗೆ ಅಂತ. ಚಂದಾ ಕಟ್ಟಿದ್ರೆ ತಿಂಗಳಿಗೊಂದು ದೆವ್ವದ ಪುಸ್ತಕ ಕಳಿಸ್ತಾರೆ, ಜೊತೆಗೆ ಇಂಥ ಆಟದ ಸಾಮಾನು. ನನ್ನ ಫ್ರೆಂಡ್ಸ್ ತರಿಸ್ತಾರೆ.”

“ನಾನು ತರಿಸಿಲ್ವಲ್ಲ.”

“ಯಾರೋ ನಿಂಗೆ ಗಿಫ್ಟ್ ಮಾಡಿದ್ದಾರೆ, ನೋಡು.” ಅವಳು ತೋರಿಸಿದ ಕಾರ್ಡಿನಲ್ಲಿ ಹೀಗಿತ್ತು: ಕಳಿಸಿದವರು ಹೆಸರು ಹೇಳಲು ಇಷ್ಟಪಟ್ಟಿಲ್ಲ. ಓದಿ, ನಡುಗಿ.

ಉಡುಗೊರೆ ಕೊಡುವವರು ಹೆಸರು ಮುಚ್ಚಿಡುತ್ತಾರೆಯೇ? ಮದುವೆಗೆ ಒಂದು ಸ್ಟೀಲ್ ಲೋಟ ಕೊಟ್ಟರೂ ಅದರ ಮೇಲೆ ಹೆಸರು ಕೊರೆಸಿ ಕೊಡುವ ಜನ ನಾವು. ಗೊಂಬೆಯನ್ನು ತಿರುಗಿಸಿ ನೋಡಿದೆ. ಮಾಡಿದವರು ಕೈಕಾಲಿಗೆ ಹತ್ತಿ ಕಡಿಮೆ ಹಾಕಿ ಎಲ್ಲವನ್ನೂ ಹೊಟ್ಟೆಗೇ ತುರುಕಿದ್ದರು. ನನ್ನ ಕಣ್ಣು ತಾನಾಗಿ ಮಗಳ ಹೊಟ್ಟೆಯ ಮೇಲೆ ಹೋಯಿತು. ಹೋದ ಸಲ ಐದನೇ ತಿಂಗಳಲ್ಲಿ ಮಗು ನಿಲ್ಲದೆ ಹೋಗಿತ್ತು. ಈ ಸಲ ಏಳು ತುಂಬುವವರೆಗೆ ನಾನು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಗೊಂಬೆಯನ್ನೂ ಮೇಣದಬತ್ತಿಯನ್ನೂ ಬಚ್ಚಲ ಒಲೆಗೆ ಹಾಕಿದೆ.

ಯಾರ ಕೆಲಸ ಎಂದು ನನಗೆ ಆಗಲೇ ಗೊತ್ತಾಗಿತ್ತು. ಕೊರಿಯರ್‌ನವನು ಮೊದಲು ನಿಂತದ್ದು ಪಕ್ಕದ ಬಾಗಿಲಲ್ಲಿ. ಅವನು ಹೆಸರು ಓದುವ ಮೊದಲೇ ಪುಟ್ಟತಾಯಿ ನಮ್ಮ ಮನೆಯತ್ತ ಕೈ ತೋರಿಸಿದಳು. ನಾನು ನೋಡಿದೆನೆಂದು ತಿಳಿದೊಡನೆ ಸರ್ರನೆ ಒಳಗೆ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಪುಟ್ಟತಾಯಿ ನನ್ನ ವಾರಗಿತ್ತಿ, ಮೈದುನ ನಟರಾಜುವಿನ ಹೆಂಡತಿ. ಅಣ್ಣತಮ್ಮಂದಿರು ಭಾಗವಾದಾಗ ಮನೆಯ ನಡುವೆ ಗೋಡೆ ಎದ್ದಿತು, ಬೋರ್‌ವೆಲ್ ನಮ್ಮ ಪಾಲಿಗೆ ಬಂತು. ನೀರು ಬಿಡುವ ಸರದಿಗೆ ಜಗಳ ಹತ್ತಿ ಅವಳು ಒಂದು ಮಾತು ಆಡಿದಳು, ನಾನು ನಾಲ್ಕು ಆಡಿದೆ. ಅಲ್ಲಿಂದ ಮಾತುಕತೆ ಇಲ್ಲ. ಅವಳ ಕೋಳಿ ನಮ್ಮ ಹಿತ್ತಲಿಗೆ ಬಂದರೆ, ಅವಳಿಗೆ ಕೇಳಲಿ ಎಂದು ಕೋಳಿಯನ್ನು ಬೈಯುತ್ತಿದ್ದೆ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ಹೇಳಿದರೆ ನಕ್ಕರು. “ಅವ್ಳಿಗೆ ಎಮ್ಮೆ ಮೇಯ್ಸಕ್ಕೇ ಟೇಮಿಲ್ಲ, ನಿಂಗೆ ಮಾಟ ಮಾಡ್ಸಕ್ಕೆ ಕುಂತವ್ಳಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಗೆ ಕಟ್ಟು ಅಂತೀಯಲ್ಲ ನೀನು.”

“ಮಾಟ ಮಾಡ್ಸೋರು ಈಗ್ಲೂ ಮಡಕೇಲಿ ಹೂತಿಡ್ತಾರಾ? ಕೊರಿಯರ್ ಮಾಡ್ತಾರೆ.”

“ಸರಿ ಕಣಮ್ಮ ಸಿಐಡಿ, ಸಾರು ಬಡ್ಸು.”

ಪುಸ್ತಕವನ್ನು ಮಾತ್ರ ಸುಡಲು ಕೈ ಬರಲಿಲ್ಲ. ಅಕ್ಷರ ಎಂದರೆ ಸರಸ್ವತಿ, ಅದೊಂದು ನೆಪ. ನಿಜ ಹೇಳಬೇಕೆಂದರೆ ನನಗೆ ದೆವ್ವದ ಕತೆಯೆಂದರೆ ಪ್ರಾಣ. ಮದುವೆಯಾದ ಹೊಸತರಲ್ಲಿ ಚನ್ನರಾಯಪಟ್ಟಣದ ಅಂಗಡಿಯಿಂದ ಬಾಡಿಗೆಗೆ ತಂದು ಓದುತ್ತಿದ್ದೆ. ಮನಸ್ಸಿನಲ್ಲೇ ಓದುವುದು ನನ್ನಿಂದಾಗದು, ಬಾಯಿಬಿಟ್ಟು ಓದಿದರೇ ರುಚಿ. ಮಾರನೆಯ ದಿನ ಮಗಳು ಮಲಗಿದ್ದಾಗ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಶುರು ಮಾಡಿದೆ. ಒಂಟಿ ಹೆಂಗಸು. ಹೊರಗೆ ಅವಳ ಸತ್ತ ತಂಗಿಯ ದನಿ, ಬಾಗಿಲು ತೆಗಿ ಎಂದು ಕರೆಯುತ್ತಿದೆ. ಹಾಡುಹಗಲಲ್ಲೇ ನನ್ನ ಮೈ ಜುಂ ಅಂದಿತು.

ಆಗ ಗಮನಿಸಿದೆ. ಗೋಡೆಯಾಚೆ ಪುಟ್ಟತಾಯಿ ತೆಂಗಿನಕಾಯಿ ಸುಲಿಯುತ್ತಿದ್ದ ಸದ್ದು ನಿಂತಿತ್ತು. ನಾನು ಓದು ನಿಲ್ಲಿಸಿದರೆ ಸದ್ದು ಮತ್ತೆ ಶುರು. ಓದಿದರೆ ಮತ್ತೆ ನಿಶ್ಶಬ್ದ. ಮದ್ದು ಹತ್ತಿತೋ ಇಲ್ಲವೋ ಎಂದು ಕಿವಿಗೊಟ್ಟು ಕೂತಿದ್ದಾಳೆ, ಇನ್ನೇನು ಸಾಕ್ಷಿ ಬೇಕು ಅಂದುಕೊಂಡೆ. ಕತೆಯ ಹೆಂಗಸು ಅಗುಳಿಯ ಮೇಲೆ ಕೈಯಿಟ್ಟಿದ್ದಳು. ಅಲ್ಲಿಗೇ ಪುಸ್ತಕ ಮುಚ್ಚಿ ಒಳಗೆ ಬಂದೆ.

ಅದಾಗಿ ಎರಡೇ ದಿನಕ್ಕೆ ಪ್ರೇಕ್ಷಾಳ ಪಾದ ಊದಿತು, ತಲೆ ಸುತ್ತು ಬಂತು. ಚನ್ನರಾಯಪಟ್ಟಣದ ಡಾಕ್ಟರು ಬಿಪಿ ಏರಿದೆ, ಉಪ್ಪು, ಉಪ್ಪಿನಕಾಯಿ ಮುಟ್ಟಬೇಡಿ ಅಂದರು. ಉಪ್ಪಿನಕಾಯಿ ಜಾಡಿಯನ್ನು ಮಗಳ ಮುಂದಿಟ್ಟವಳು ನಾನೇ. ಆದರೂ ನನ್ನ ಬುದ್ಧಿಗೆ ಕಂಡದ್ದು ಜಾಡಿಯಲ್ಲ, ಪೆಟ್ಟಿಗೆ. ಬಸ್ಸಿನಲ್ಲಿ ವಾಪಸ್ ಬರುವಾಗಲೇ ತೀರ್ಮಾನ ಮಾಡಿದೆ. ಊರಮ್ಮನ ಗುಡಿಯ ಪೂಜಾರಿ ರುದ್ರಯ್ಯನವರ ಮೂಲಕ ಪಕ್ಕದ ಮನೆಗೆ ಹೇಳಿಕಳಿಸಿದೆ: ಮಂಗಳವಾರ ಪುಟ್ಟತಾಯಿ ಕರ್ಪೂರದ ಆಣೆ ಮಾಡಬೇಕು.

ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ, ನಾನು ಮಾಡಿಲ್ಲ ಎಂದು ಹೇಳುವುದು ನಮ್ಮ ಕಡೆಯ ಆಣೆ. ಅದರ ಮುಂದೆ ಪೊಲೀಸು, ಕೋರ್ಟು ಎಲ್ಲ ಏನೂ ಅಲ್ಲ.

ಮಂಗಳವಾರ ಗುಡಿಯಲ್ಲಿ ನಾವು ಆರು ಜನ: ನಾನು, ನನ್ನ ಗಂಡ, ಬೇಡವೆಂದರೂ ಬಂದ ಪ್ರೇಕ್ಷಾ, ನಟರಾಜು, ಪುಟ್ಟತಾಯಿ, ರುದ್ರಯ್ಯ. ರುದ್ರಯ್ಯ ಕಲ್ಲಿನ ಮೇಲೆ ಕರ್ಪೂರದ ದಪ್ಪ ಗಡ್ಡೆಗಳನ್ನು ಇಟ್ಟು ನನ್ನ ಮುಖ ನೋಡಿದರು.

“ಇನ್ನೊಂದ್ಸಲ ಯೋಚ್ನೆ ಮಾಡವ್ವ. ಇವ್ಳು ಆಣೆ ಮಾಡ್ಬುಟ್ರೆ ಎರಡು ಮನೆಗೂ ಬೆಂಕಿ-ನೀರು ನಿಂತೋಯ್ತದೆ. ನಾಳೆ ನಿನ್ನ ಮೊಮ್ಮಗೀನ ಇವ್ಳು ಎತ್ಕಳಂಗಿಲ್ಲ. ಅವ್ರ ಮನೇಲಿ ಸಾವಾದ್ರೂ ನೀನು ಓಗಂಗಿಲ್ಲ. ಹಚ್ಚಿದ್ ಮ್ಯಾಲೆ ಸುಮ್ನೆ ಆರಕ್ಕೂ ಬಿಡಂಗಿಲ್ಲ, ಯಾರಾರ ಒಬ್ರು ಆಣೆ ಮಾಡ್ಲೇಬೇಕು. ಸುಳ್ಳಾಣೆ ಆದ್ರೆ ಮಾಡ್ದೋರ ಮನೇಗೇ ತಟ್ಟದು.”

“ಹಚ್ಚಿ,” ಅಂದೆ.

ಹಚ್ಚಿದರು. ಪುಟ್ಟತಾಯಿ ಸೆರಗು ಹೊದ್ದು ಮುಂದೆ ಬಂದಳು. ಎಷ್ಟು ಸೊರಗಿದ್ದಾಳೆ ಎಂದು ಹತ್ತಿರದಿಂದ ನೋಡಿದಾಗಲೇ ಕಂಡಿತು. ನನಗೆ ಅದು ಬೇಡವಾಗಿತ್ತು, ಮುಖ ತಿರುಗಿಸಿದೆ.

“ಏನಂತ ಆಣೆ ಮಾಡ್ಬೇಕು?”

“ಆ ಪೆಟ್ಟಿಗೆ ನಾನು ಕಳಿಸಿಲ್ಲ ಅಂತ.”

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಅಂಗಾರೆ ಆಗಕಿಲ್ಲ ಕಣಕ್ಕ. ಕಳ್ಸಿದ್ದು ನಾನೇಯ.”

ನಟರಾಜು ಬಾಯಿ ಬಿಟ್ಟುಕೊಂಡು ಹೆಂಡತಿಯನ್ನು ನೋಡಿದ. ನಾನು, ನೋಡಿದ್ರಾ ಎಂಬಂತೆ ಗಂಡನತ್ತ ತಿರುಗಿದೆ. ನನ್ನ ಅನುಮಾನ ನಿಜವಾಗಿತ್ತು, ಗೆದ್ದಿದ್ದೆ. ಅದರಲ್ಲಿ ಒಂದು ಚೂರೂ ಸಂತೋಷ ಇರಲಿಲ್ಲ.

“ನನ್ನ ಮಗಳ ಹೊಟ್ಟೆ ಏನು ಮಾಡಿತ್ತೇ ನಿಂಗೆ?” ಅಂದೆ.

“ಪ್ರೇಕ್ಷಾ ಹೊಟ್ಟೆಗೂ ಅದ್ಕೂ ಏನಕ್ಕ? ನನ್ ಮಗ್ಳು ದೀಪಶ್ರೀ ಫೋನಲ್ಲಿ ತೋರ್ಸುದ್ಲು, ದೆವ್ವದ ಪುಸ್ತಕ ಮನೆ ಬಾಗ್ಲಿಗೇ ಬತ್ತದೆ ಅಂತ. ನಿನ್ ಗ್ಯಾನ ಬಂತು. ಎಸ್ರು ಆಕ್ಸುದ್ರೆ ನೀನು ಬೀದಿಗೆ ಎಸೀತಿದ್ದೆ, ಅದ್ಕೇ ಬ್ಯಾಡ ಅಂದೆ. ಅದ್ರಾಗೆ ಗೊಂಬೆ-ಗಿಂಬೆ ಮಡಗ್ತಾರೆ ಅಂತ ನಂಗೇನು ಗೊತ್ತು?”

ಅವಳೇ ಮುಂದುವರಿಸಿದಳು. “ಒಂದೇ ಮನೇಲಿದ್ದಾಗ ಮದ್ಯಾನ ಅತ್ತೆ ಮಲೀಕಂಡ್ ಮ್ಯಾಲೆ ನೀನು ಓದ್ತಿದ್ದೆ, ನಾನು ಬೆಳ್ಳುಳ್ಳಿ ಸುಲೀತಿದ್ದೆ. ಸಂಜೆ ಹಿತ್ಲಿಗೆ ಓಗ್ಬೇಕಾರೆ ಎದ್ರಿಕಂಡು ಇಬ್ರೂ ಕೈ ಇಡ್ಕಂಡು ಓಗ್ತಿದ್ವಿ. ನಂಗೂ ಓದಕ್ಕೆ ಬತ್ತದೆ ಕಣಕ್ಕ. ನಾನೇ ಓದ್ಕಂಡ್ರೆ ಎದ್ರಿಕೆ ಆಗಕಿಲ್ಲ, ನಿನ್ ಬಾಯಾಗೆ ಕೇಳ್ಬೇಕು. ಮೊನ್ನೆ ನೀನು ಓದ್ತಿದ್ರೆ ಕಾಯಿ ಸುಲಿಯೋದು ಬುಟ್ಟು ಗೋಡೆಗೆ ಒರಗ್ಕಂಡು ಕುಂತಿದ್ದೆ. ಅಗುಳಿ ಮ್ಯಾಲೆ ಕೈ ಮಡುಗುದ್ಲು ಅನ್ನೋ ಗಂಟ ಓದಿ ನಿಲ್ಸ್‌ಬುಟ್ಟೆ.” ಕಣ್ಣೊರೆಸಿಕೊಂಡಳು. “ಬಾಗ್ಲು ತಗುದ್ಲಾ ಅಕ್ಕ, ಅವ್ಳು?”

ಬೆಳ್ಳುಳ್ಳಿಯ ಆ ಮಧ್ಯಾಹ್ನಗಳನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನೆಸಿಕೊಂಡರೆ ಸಿಟ್ಟು ಇಳಿದೀತೆಂದು ನೆನೆಸಿಕೊಂಡಿರಲಿಲ್ಲ, ಅಷ್ಟೆ. ಆಗಲೂ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಕೇಡು ಮಾಡುವವರು ಹೀಗೂ ಕಣ್ಣೀರು ಹಾಕುತ್ತಾರೆ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಒಳಗಿಂದ ಹೇಳುತ್ತಲೇ ಇತ್ತು. ಅವಳ ಮನಸ್ಸನ್ನು ಬಗೆದು ನೋಡಲು ನನ್ನ ಹತ್ತಿರ ಏನಿತ್ತು?

“ಕರ್ಪೂರ ಮುಗೀತಾ ಅದೆ, ಯಾರಾರ ಬಿರ್ರನೆ,” ಅಂದರು ರುದ್ರಯ್ಯ.

“ಕೇಡು ಬಯಸಿಲ್ಲ ಅಂತ ಬೇಕಾರೆ ಆಣೆ ಮಾಡ್ತೀನಿ,” ಎಂದು ಪುಟ್ಟತಾಯಿ ಕೈ ಚಾಚಿದಳು.

ಅವಳ ಅಂಗೈ ಆ ಕಲ್ಲಿಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಇನ್ನು ಈ ಜನ್ಮಕ್ಕೆ ಅವಳು ನನ್ನ ಬಾಗಿಲಿಗೆ ಬರುವುದಿಲ್ಲ, ನಾನು ಅವಳ ಬಾಗಿಲಿಗೆ ಹೋಗುವುದಿಲ್ಲ. ಅವಳ ಮಣಿಕಟ್ಟು ಹಿಡಿದು ಆಚೆಗೆ ತಳ್ಳಿದೆ. ಉರಿಯ ಮೇಲೆ ನನ್ನ ಕೈಯನ್ನೇ ಬಡಿದೆ.

“ಇವಳು ನನ್ನ ಮಗಳಿಗೆ ಕೇಡು ಬಯಸಿಲ್ಲ. ಸುಳ್ಳಾದ್ರೆ ನನ್ನ ಮನೆಗೇ ತಟ್ಟಲಿ,” ಅಂದೆ.

ಪ್ರೇಕ್ಷಾ ಅಮ್ಮಾ ಎಂದು ನನ್ನ ಭುಜ ಹಿಡಿದುಕೊಂಡಳು. ನನ್ನ ಗಂಡ ಮೊದಲ ಸಲ ನಗಲಿಲ್ಲ. ದೂರು ಕೊಟ್ಟವರೇ ಆಣೆ ಮಾಡಿದ್ದನ್ನು ನನ್ನ ಕಾಲದಲ್ಲಿ ಕಂಡಿಲ್ಲ, ಇದಕ್ಕೆ ಬೆಂಕಿ-ನೀರಿನ ಲೆಕ್ಕ ಏನೋ ನನಗೂ ಗೊತ್ತಿಲ್ಲ ಎಂದು ರುದ್ರಯ್ಯ ಗೊಣಗಿದರು. ಪುಟ್ಟತಾಯಿ ಪೂಜಾರಿಯ ಕೈಯಲ್ಲಿದ್ದ ನೀರಿನ ಚೊಂಬು ಕಿತ್ತುಕೊಂಡು ನನ್ನ ಅಂಗೈಗೆ ಸುರಿದಳು.

“ಬೊಬ್ಬೆ ಬತ್ತದೆ ಇದು,” ಎಂದು ಬೈದಳು. “ಪುಸ್ತಕ ಎಂಗೆ ಇಡ್ಕಂತೀಯ ಈಗ?”

“ನೀನು ಇಡ್ಕೊ,” ಅಂದೆ. “ನಾನು ಓದ್ತೀನಿ.”