ಹಿಂಬಾಗಿಲಿನ ಹಲಗೆ

ಕುಪ್ಪುಸ್ವಾಮಿಯವರು ಮನುಷ್ಯರನ್ನು ಮಾತನಾಡಿಸುವ ಮೊದಲು ಅವರ ಮನೆಯ ಬಾಗಿಲನ್ನು ಮಾತನಾಡಿಸುತ್ತಾರೆ. ಬಲಗೈಯ ನಡುಬೆರಳನ್ನು ಮಡಿಸಿ, ಗೆಣ್ಣಿನಿಂದ ಕದವನ್ನು ಎರಡು ಸಲ ತಟ್ಟಿ, ತಲೆಯನ್ನು ಒಂದಿಷ್ಟು ವಾಲಿಸಿ, ಮರ ಕೊಟ್ಟ ಉತ್ತರ ಕಿವಿಯಲ್ಲಿ ಪೂರ್ತಿ ಇಳಿದ ಮೇಲೆಯೇ ಅವರು ಕ್ಷೇಮಸಮಾಚಾರದ ಲೋಕವ್ಯವಹಾರಕ್ಕೆ ಬರುವುದು. ಮಗಳಿಗೆ ಗಂಡು ನೋಡಲು ರಾಶಿಪುರಕ್ಕೆ ಹೋದಾಗಲೂ ಹಾಗೆಯೇ ಬಾಗಿಲವಾಡವನ್ನು ತಟ್ಟಿ, ಬೀಗರಾಗಬೇಕಿದ್ದವರ ಎದುರಿಗೇ, "ಇದು ತೇಗ ಅಲ್ಲ, ಬೇವು. ಮೇಲೆ ಬಣ್ಣ ಒಡ್ದವ್ರೆ" ಎಂದುಬಿಟ್ಟರು. ಸಂಬಂಧ ಅಲ್ಲಿಗೇ ಮುರಿಯಿತು. ಹೆಂಡತಿ ರಾಜಾತಿ ಮೂರು ತಿಂಗಳು ಬೈದರು. "ಅದು ಕಿಡಕ್ಕಟ್ಟುಂ. ಮರದ ವಿಷ್ಯದಾಗೆ ಸುಳ್ಳೇಳೋರು ಗಂಡಿನ ವಿಷ್ಯದಾಗೆ ನಿಜ ಏಳ್ತಾರಾ?" ಎಂದು ಕುಪ್ಪುಸ್ವಾಮಿ ಅದಕ್ಕೆ ಮಂಗಳ ಹಾಡಿದರು.

ಈ ‘ಕಿಡಕ್ಕಟ್ಟುಂ’ ಅವರ ಮಾತಿನ ಅಗುಳಿ. ‘ಅದು ಹಾಗೇ ಬಿದ್ದಿರಲಿ’ ಎಂಬರ್ಥದ ಈ ತಮಿಳು ಪದವನ್ನು ಅವರು ತಮ್ಮ ಕನ್ನಡದ ನಡುವೆ ದಿನಕ್ಕೆ ನೂರು ಸಲ ಇಳಿಬಿಟ್ಟು, ಎದುರಿನವರ ಮಾತು ಅರ್ಧದಲ್ಲಿರುವಾಗಲೇ ಬಾಗಿಲು ಹಾಕಿಬಿಡುತ್ತಾರೆ. ದುರಹಂಕಾರದಿಂದಲ್ಲ, ಕೈ ಕೆಲಸದಲ್ಲಿರುವಾಗ ಬಾಯಿಯ ಕೆಲಸ ವ್ಯರ್ಥವೆಂಬ ನಂಬಿಕೆಯಿಂದ.

ಸೇಲಂ ಗುಗೈಯ ಕನ್ನಡ ನೇಕಾರರ ಬೀದಿಯಲ್ಲಿ ಅವರ ತಂದೆಯೂ ಮಗ್ಗದ ಬಡಗಿ, ಅವರೂ ಮಗ್ಗದ ಬಡಗಿ. ಕಬ್ಬಿಣದ ಪವರ್‌ಲೂಮ್ ಬಂದು ಮರದ ಮಗ್ಗ ಮೂಲೆ ಸೇರಿದ ಮೇಲೂ, ಲಾಳಿಗೆ ಹೊಳಪು ಕೊಡುವ ಆ ಕೈ ಸುಮ್ಮನಿರಲಿಲ್ಲ. ಮಂಚ, ತೊಟ್ಟಿಲು, ದೇವರ ಪೀಠ, ಯಾವುದನ್ನೇ ಮಾಡಿದರೂ ಮಗ್ಗದಂತೆ ಮೊಳೆಯಿಲ್ಲದೆ, ಬೆಸುಗೆ ಕಾಣದಂತೆ ಮಾಡಿತು. ಚಿತ್ತಿರೈ ತಿಂಗಳ ಸುಡುಬಿಸಿಲಿನಲ್ಲೂ ಅವರು ಕಳಚದ ಖಾಕಿ ಕೋಟಿಗೆ ನಾಲ್ಕು ಜೇಬು; ಒಂದರಲ್ಲಿ ಮೋಟು ಪೆನ್ಸಿಲ್, ಒಂದರಲ್ಲಿ ಮಡಚುವ ಅಡಿಗೋಲು, ಒಂದರಲ್ಲಿ ಉಪ್ಪುಕಾಗದ, ನಾಲ್ಕನೆಯದರಲ್ಲಿ ರಾಜಾತಿಗೆ ತಿಳಿಯದಂತೆ ಹೊಗೆಸೊಪ್ಪು. ಓದಿದ್ದು ತಮಿಳಿನಲ್ಲಿ, ಐದನೇ ತರಗತಿವರೆಗೆ. ಮನೆಮಾತಾದ ಕನ್ನಡ ನಾಲಗೆಯ ಮೇಲೆ ಹರಿದಾಡಿತೇ ಹೊರತು ಅದರ ಅಕ್ಷರ ಎಂದೂ ಕಣ್ಣಿಗೆ ಅರ್ಥವಾಗಲಿಲ್ಲ. ಬೆಂಗಳೂರಿನಿಂದ ಬರುವ ಲಾರಿಗಳ ಬೆನ್ನಿನ ಅಕ್ಷರಗಳನ್ನು ಕಂಡರೆ, "ಜಿಲೇಬಿ ಬಿಟ್ಟವ್ರೆ ನೋಡು" ಎಂದು ನಗುತ್ತಿದ್ದರು.

ಎರಡು ವರ್ಷದ ಕೆಳಗೆ ಹಳೆಯ ಕಾರುಗಳ ಮೆಕ್ಯಾನಿಕ್ ಧನಶೇಖರ್ ಬಂದು ಅವರನ್ನು ಹರೂರಿಗೆ ಕರೆದೊಯ್ದ. ಅಲ್ಲಿ, ರಸ್ತೆ ಅಗಲಿಸಲು ಕೆಡವಬೇಕಾಗಿದ್ದ ಒಂದು ಷೆಡ್ಡಿನೊಳಗೆ, ಹುಣಿಸೆ ಮೂಟೆಗಳ ಹಿಂದೆ, ಒಂದು ವಿಚಿತ್ರವಾದ ಬಂಡಿ ನಿಂತಿತ್ತು. ಮೂತಿ ಕಾರಿನದು, ಬೆನ್ನೆಲ್ಲ ಮರದ್ದು. ಮರದ ಪಕ್ಕೆಲುಬು, ಮರದ ಬಾಗಿಲು, ಹಿಂದೆ ಕೆಳಕ್ಕೆ ಇಳಿಸಿದರೆ ಮೇಜಿನಂತೆ ನಿಲ್ಲುವ ಮರದ ಹಿಂಬಾಗಿಲು. ಏರ್ಕಾಡಿನ ಕಾಫಿ ತೋಟದ ದೊರೆಯೊಬ್ಬ ಹಡಗಿನಲ್ಲಿ ತರಿಸಿದ್ದ ಸ್ಟೇಷನ್ ವ್ಯಾಗನ್ ಅದು. ದೊರೆ ಊರಿಗೆ ಹಿಂತಿರುಗುವಾಗ ಅದನ್ನು ತನ್ನ ಡ್ರೈವರ್ ಎಲ್ಲಪ್ಪನಿಗೆ ಬಿಟ್ಟುಹೋದ. ಎಲ್ಲಪ್ಪ ಅದನ್ನು ಬಾಡಿಗೆ ಬಂಡಿ ಮಾಡಿ ಹರೂರು, ಪಾಪಿರೆಡ್ಡಿಪಟ್ಟಿ, ಸೇಲಂ ಎಂದು ಇಪ್ಪತ್ತು ವರ್ಷ ಓಡಿಸಿದ. ಈಗ ಅದರ ಒಡತಿ ಅವನ ಮಗಳು ಮುನಿರತ್ನಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದ ಅವರನ್ನು ಊರೆಲ್ಲ ಕರೆಯುವುದು ಸಿಸ್ಟರಮ್ಮ ಎಂದು.

ಕುಪ್ಪುಸ್ವಾಮಿ ಆಕೆಗೆ ವಣಕ್ಕಂ ಕೂಡ ಹೇಳಲಿಲ್ಲ. ಬಂಡಿಯ ಸುತ್ತ ಅರ್ಧ ಗಂಟೆ ತಟ್ಟುತ್ತ ತಿರುಗಿದರು. ಗೆದ್ದಲು ತಿಂದ ಕಡೆ ಮರ ಮಣ್ಣಿನ ಗಡಿಗೆಯಂತೆ ಗೊಗ್ಗರು ದನಿ ಕೊಟ್ಟಿತು. ಉಳಿದ ಕಡೆ ಇನ್ನೂ ಗಂಟೆಯ ನಾದ.

"ಎಂಜಿನ್ ನಾ ನೋಡ್ಕೊಳ್ತೀನಿ, ಮೈ ನೀವ್ ನೋಡ್ಕೊಳ್ರಿ ಮಾಮ" ಎಂದ ಧನಶೇಖರ್.

ಮುನಿರತ್ನಮ್ಮ ಸೆರಗಿನಿಂದ ಧೂಳು ಒರೆಸುತ್ತ, "ಅಣ್ಣ, ಒಂದ್ ವಿಷ್ಯ. ಈ ಇಂದ್ಗಡೆ ಬಾಗ್ಲೈತಲ್ಲ, ಅದ್ರ ಒಳಗಡೆ..." ಎಂದು ಶುರು ಮಾಡಿದರು.

"ಅದು ಕಿಡಕ್ಕಟ್ಟುಂ ಸಿಸ್ಟರಮ್ಮ. ಎಲ್ಲಾ ಒಸಾದಾಗ್ ಮಾಡ್ಕೊಡ್ತೀನಿ. ನಿಮ್ಮಪ್ಪ ಬಂದ್ರೂ ಗುರ್ತು ಇಡೀಬಾರ್ದು, ಅಂಗೆ!"

ಆಕೆ ನಕ್ಕರು. ಬಲ್ಲವರ ಕೈಗೆ ಒಪ್ಪಿಸಿದ ಮೇಲೆ ಹೆಚ್ಚು ಹೇಳಬಾರದೆಂಬುದು ಆಸ್ಪತ್ರೆಯಲ್ಲಿ ಕಲಿತ ಶಿಸ್ತು.

ಹದಿನಾಲ್ಕು ತಿಂಗಳು ಆ ಬಂಡಿ ಗುಗೈಯ ಕಾರ್ಖಾನೆಯ ಅಂಗಳದಲ್ಲಿ ನಿಂತಿತು, ಮತ್ತು ಆ ಹದಿನಾಲ್ಕು ತಿಂಗಳು ಕುಪ್ಪುಸ್ವಾಮಿಯವರು ಮೂವತ್ತು ವರ್ಷದ ಹರೆಯದವರಂತೆ ದುಡಿದರು. ಚೌಕಟ್ಟಿಗೆ ತೇಗ, ಹಲಗೆಗೆ ಹಲಸು. ಮಾಡಿನ ಬಾಗಿದ ಪಟ್ಟಿಗಳಿಗಾಗಿ ಡ್ರಮ್ಮಿನಲ್ಲಿ ನೀರು ಕುದಿಸಿ, ಆವಿಯನ್ನು ಉದ್ದನೆಯ ಕೊಳವೆಗೆ ಹಾಯಿಸಿ, ಅದರೊಳಗೆ ಪಟ್ಟಿಯನ್ನು ಬೇಯಿಸಿ, ಮೆತ್ತಗಾದಾಗ ಹೊರಗೆಳೆದು ಮಗುವಿನ ಕೈ ಮಡಿಸುವಷ್ಟು ಮೃದುವಾಗಿ ಬಾಗಿಸುತ್ತಿದ್ದರು. ಕಳಚಿದ ಹಳೆಯ ತುಂಡುಗಳೇ ಆ ಒಲೆಗೆ ಸೌದೆ.

ಹಿಂಬಾಗಿಲಿನ ಒಳಹಲಗೆಯ ಸರದಿ ಬಂದಾಗ ಅವರು ಅದನ್ನು ತಟ್ಟಿ ನೋಡಿದರು. ಒಂದು ಮೂಲೆ ಮಾತ್ರ ಕೊಳೆತಿತ್ತು. ಮುಕ್ಕಾಲು ಪಾಲು ಗಟ್ಟಿ. ಮೂಲೆ ಕತ್ತರಿಸಿ ತೇಪೆ ಹಾಕಿದರೆ ಇನ್ನೂ ಐವತ್ತು ವರ್ಷ ಬಾಳುತ್ತಿತ್ತು, ಮತ್ತು ಅದು ಅವರಿಗೆ ಗೊತ್ತಿತ್ತು. ಆದರೆ ಅದರ ಮೈ ತುಂಬ ಸುರುಳಿಸುರುಳಿಯಾಗಿ, ಮಾಸಿದ ಸಣ್ಣ ಗೀರುಗಳು. ಹುಳು ಹರಿದ ಜಾಡೋ, ಹುಡುಗರು ಕೆರೆದದ್ದೋ! ಹತ್ತರಿ ಹಿಡಿದು ಎರಡು ಸಲ ಹೆರೆದರು. ಹೆರೆದಷ್ಟು ಕಡೆ ಗೀರು ಹೋಯಿತು, ಕೊಳೆತ ಮೂಲೆ ಉಳಿಯಿತು. ಹೊಸ ಮೈಗೆ ತೇಪೆಯ ಮುಖ ಒಪ್ಪದು ಎನಿಸಿತು. ಹಲಗೆಯನ್ನು ಮೊಣಕಾಲಿಗೆ ಕೊಟ್ಟು ಮುರಿದು ಒಲೆಗೆ ಹಾಕಿದರು. ಅಂದು ಬಾಗಿಸಿದ ಪಟ್ಟಿ ಬಹಳ ಚೆನ್ನಾಗಿ ಬಂತೆಂದು ರಾಜಾತಿಗೆ ಹೇಳಿಕೊಂಡರು ಕೂಡ.

ಬಂಡಿ ಸಿದ್ಧವಾದ ದಿನ ಮುನಿರತ್ನಮ್ಮ ಹರೂರಿನಿಂದ ಬೆಳಗಿನ ಬಸ್ಸಿಗೇ ಬಂದರು. ಹಲಸಿನ ಹೊಂಬಣ್ಣದ ಹಲಗೆ, ತೇಗದ ಕಂದು ಚೌಕಟ್ಟು, ಬಿಸಿಲಿಗೆ ಹೊಳೆಯುವ ಮೆರುಗು. ಆಕೆ ಒಂದು ಸುತ್ತು ಬಂದರು, ಬಾಯಿಗೆ ಸೆರಗು ಹಿಡಿದು ಇನ್ನೊಂದು ಸುತ್ತು ಬಂದರು, "ರೊಂಬ ಚೆನ್ನಾಗೈತಣ್ಣ" ಎಂದು ಕೈಮುಗಿದರು. ಆಮೇಲೆ ಹಿಂದಕ್ಕೆ ಹೋಗಿ, ಬಾಗಿಲನ್ನು ಕೆಳಕ್ಕೆ ಇಳಿಸಿ, ಒಳಹಲಗೆಯ ಮೇಲೆ ಅಂಗೈ ಆಡಿಸಿದರು. ಒಂದು ಸಲ. ಮತ್ತೊಂದು ಸಲ.

"ಅಳೇ ಅಲ್ಗೆ ಎಲ್ಲೈತಣ್ಣ?"

"ಉಳ ಬಿದ್ದಿತ್ತಮ್ಮ. ಒಲೆಗಾಕ್ಬುಟ್ಟೆ."

ಮುನಿರತ್ನಮ್ಮ ಆ ಬಾಗಿಲಿನ ಮೇಲೆಯೇ ಮೆಲ್ಲಗೆ ಕುಳಿತರು. ಕುಳಿತು ಹೇಳಿದ್ದನ್ನು ಕುಪ್ಪುಸ್ವಾಮಿಯವರು ಮೊದಲ ಬಾರಿಗೆ ಅಡ್ಡಬಾಯಿ ಹಾಕದೆ ಕೇಳಿದರು. ಅಪ್ಪ ಹುಡುಗನಾಗಿದ್ದಾಗ ಬೆಂಗಳೂರಿನ ಮೋಟಾರು ಷೆಡ್ಡಿನಲ್ಲಿ ಕೆಲಸಕ್ಕಿದ್ದು ಕನ್ನಡ ಅಕ್ಷರ ಕಲಿತಿದ್ದ. ಮಕ್ಕಳಿಗೆ ಸ್ಕೂಲಿನಲ್ಲಿ ತಮಿಳು, ಮನೆಯಲ್ಲಿ ಕನ್ನಡ ಪುಸ್ತಕವಿಲ್ಲ. ಬಾಡಿಗೆ ಕಾಯುತ್ತ ನಿಂತಾಗ ಈ ಬಾಗಿಲನ್ನು ಇಳಿಸಿ, ಅದನ್ನೇ ಹಲಗೆ ಮಾಡಿ, ಮೊಳೆಯಿಂದ ಅ ಆ ಇ ಈ ಗೀರಿ ಮಕ್ಕಳಿಬ್ಬರಿಗೂ ತಿದ್ದಿಸುತ್ತಿದ್ದ. ತಮ್ಮ ಗಿರಿ ಅದರ ಮೇಲೆ ತನ್ನ ಹೆಸರನ್ನು ಏಳೆಂಟು ಸಲ ಕೊರೆದಿದ್ದ. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಹೋದ ಆ ಹುಡುಗನದೆಂದು ಒಂದು ಫೋಟೊ ಕೂಡ ಇರಲಿಲ್ಲ. ಇದ್ದದ್ದು ಆ ಗೀರುಗಳು.

"ಅವತ್ತೇ ಏಳಣಾಂತಿದ್ದೆ" ಎಂದ ಆಕೆ, ಅವರ ಮುಖ ನೋಡಿ ಮಾತು ಬದಲಾಯಿಸಿದರು. "ಪರವಾಯಿಲ್ಲಣ್ಣ. ನಿಮ್ಗೆಂಗ್ ಗೊತ್ತಾಗ್ಬೇಕು?"

ಬೈದಿದ್ದರೆ ಕುಪ್ಪುಸ್ವಾಮಿಯವರು ಅಂದೇ ಹಗುರಾಗುತ್ತಿದ್ದರೇನೋ. ಮಾರನೆಯ ದಿನದಿಂದ ಅವರು ಕಾರ್ಖಾನೆಯ ಹಿಂದಿನ ಸೀಳು, ಹೊಟ್ಟು, ಬೂದಿಯ ಗುಡ್ಡೆಯನ್ನು ಜರಡಿ ಹಿಡಿಯಲು ಕುಳಿತರು. ಎಂಟನೆಯ ದಿನ ಅಂಗೈಯಗಲದ ಒಂದು ಸುಟ್ಟ ಚೂರು ಸಿಕ್ಕಿತು. ಅದರ ಮೇಲೆ ಬಳಸಿಕೊಂಡು ಹೋದ ಎರಡು ಗೀರು! ಅದನ್ನು ಟವೆಲಿನಲ್ಲಿ ಸುತ್ತಿ, ಕೋಟಿನ ಒಳಗಿಟ್ಟುಕೊಂಡು, ಹರೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬಸ್ಸು ನಿಂತಾಗಲೆಲ್ಲ ಮುಟ್ಟಿ ನೋಡಿಕೊಂಡರು.

ಮುನಿರತ್ನಮ್ಮ ಕನ್ನಡಕ ಹಾಕಿಕೊಂಡು, ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಸುಳ್ಳು ಹೇಳಿ ಸಮಾಧಾನಪಡಿಸುವ ಅಭ್ಯಾಸ ಆಕೆಗಿರಲಿಲ್ಲ.

"ಇದು ಉಳ ತಿಂದಿರೋದಣ್ಣ."

ಅಕ್ಷರವನ್ನು ಹುಳುವಿನ ಜಾಡೆಂದು ಸುಟ್ಟವರು ಹುಳುವಿನ ಜಾಡನ್ನು ಅಕ್ಷರವೆಂದು ಹೊತ್ತು ತಂದಿದ್ದರು. ಕುಪ್ಪುಸ್ವಾಮಿಯವರು ಜೇಬಿನಿಂದ ಪೆನ್ಸಿಲ್ ತೆಗೆದು ಚಾಚಿದರು. "ಅಂಗಾರೆ ನೀವೇ ಬರ್ಕೊಡ್ರಮ್ಮ. ಅಂಗೇ ಕೆತ್ತಿಕೊಡ್ತೀನಿ. ಒಂದ್ ಎಳೆ ತಪ್ಪಕ್ಕಿಲ್ಲ."

ಆಕೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಲು ಕುಳಿತರು. ಅ ಬಂತು. ಆ ಬಂತು. ಇ ಬರುವಷ್ಟರಲ್ಲಿ ಪೆನ್ಸಿಲ್ ತಡವರಿಸಿತು. ತಮ್ಮನ ಹೆಸರಿನ ಮೊದಲ ಅಕ್ಷರಕ್ಕೆ ಕೈ ಗಾಳಿಯಲ್ಲೇ ನಿಂತಿತು. "ಗಿ ಎಂಗ್ ಬರೀತಾರೋ ಮರ್ತೋಯ್ತಣ್ಣ. ಅವ್ನು ಕುಂತು ತಿದ್ದೋನು. ನಾನು ಆಟಕ್ಕೆ ಓಡ್ತಿದ್ದೆ."

ಹೊಸೂರಿನ ಕಡೆ ಕನ್ನಡ ಸ್ಕೂಲು ಓದಿದವರಿದ್ದಾರೆ, ಬರೆಸಿಕೊಂಡು ಬರುತ್ತೇನೆ ಎಂದರು ಕುಪ್ಪುಸ್ವಾಮಿ. ಆಕೆ ತಲೆಯಾಡಿಸಿದರು. "ಬ್ಯಾರೆಯೋರ ಕೈ ಬ್ಯಾಡಣ್ಣ." ಕಾಫಿ ಕೊಟ್ಟರು. ಬಸ್‌ಸ್ಟ್ಯಾಂಡಿನ ತನಕ ಬಂದು ಬಿಟ್ಟುಹೋದರು.

ಬೇಸಿಗೆಯಲ್ಲಿ ಏರ್ಕಾಡಿನಲ್ಲಿ ನಡೆದ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಆ ಬಂಡಿಗೆ ಮೊದಲ ಬಹುಮಾನ ಬಂತು. ಧನಶೇಖರ್ ಬಹುಮಾನದ ಕಪ್ ಹಿಡಿದ ಚಿತ್ರ ಪೇಪರಿನಲ್ಲಿ ಬಂತು. ಮರಗೆಲಸದ ಕೀರ್ತಿ ಗುಗೈಯ ಹಿರಿಯ ಬಡಗಿಯದೆಂದು ಕೆಳಗೆ ಎರಡು ಸಾಲು. ಬೀದಿಯವರು ಬಂದು ಶಾಲು ಹೊದಿಸಿದರು. ಕುಪ್ಪುಸ್ವಾಮಿಯವರು ಮೆರವಣಿಗೆಗೆ ಹೋಗಲಿಲ್ಲ, ಪೇಪರನ್ನು ಬಿಡಿಸಲಿಲ್ಲ, ಶಾಲನ್ನು ಅಂದೇ ರಾಜಾತಿಯ ಕೈಗೆ ಕೊಟ್ಟುಬಿಟ್ಟರು. ಈಗ ಯಾರಾದರೂ ಹಳೆಯ ಮಂಚ ತಂದರೆ ಮೊದಲು ಅವರನ್ನು ಕೂರಿಸಿ, "ಇದ್ರಾಗೆ ಯಾರ್ ಮಲ್ಗಿದ್ರು? ಏನಾನ ಐತಾ ಉಳುಸ್ಬೇಕಾದ್ದು?" ಎಂದು ಕೇಳುತ್ತಾರೆ. ತಂದವರಿಗೆ ಅವಸರ. ಏನೂ ಇಲ್ಲ, ಎಲ್ಲ ಹೆರೆದುಹಾಕಿ ಎನ್ನುತ್ತಾರೆ. ಅವರು ಮತ್ತೊಮ್ಮೆ ಕೇಳುತ್ತಾರೆ.

ಕಸುಬನ್ನೇ ಉಸಿರಾಡುವ ಇಂಥವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಕೈಯಲ್ಲಿ ಕಳ್ಳತನವಿಲ್ಲ, ಮೈಯಲ್ಲಿ ಸೋಮಾರಿತನವಿಲ್ಲ. ತಪ್ಪು ನಡೆದರೆ ಅದು ಅವರ ಶ್ರದ್ಧೆಯ ಒಳಗಿಂದಲೇ ನಡೆಯುತ್ತದೆ. ಮೈಗಳ್ಳನ ತಪ್ಪನ್ನು ಬೈಯಲು ಹತ್ತು ಜನ ಸಿಗುತ್ತಾರೆ, ಬೈಸಿಕೊಂಡು ಅವನು ರಾತ್ರಿ ನಿದ್ದೆ ಮಾಡುತ್ತಾನೆ. ಶ್ರದ್ಧಾವಂತನ ತಪ್ಪು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಲೋಕ ಅದನ್ನೇ ಕೊಂಡಾಡುತ್ತದೆ, ಮತ್ತು ಆ ಕೊಂಡಾಟದ ನಡುವೆ ಅವನೊಬ್ಬನೇ ಅದನ್ನು ಹೊತ್ತು ನಿಂತಿರುತ್ತಾನೆ.