ತಾತನ ಬೆತ್ತ ಹೊಳೆಗೆ ಹೋದದ್ದು

ನಮ್ಮ ಮನೆಯ ದೇವರ ಜಗಲಿಯ ಪಕ್ಕ, ಗೋಡೆಯ ಮೊಳೆಗೆ, ಉದ್ದನೆಯ ಕೆಂಪು ಬಟ್ಟೆಯ ಚೀಲವೊಂದು ನೇತಾಡುತ್ತದೆ. ಒಳಗಿರುವುದು ತಾತನ ಬೆತ್ತ. ಯಾವುದೋ ಮಠದ ಸ್ವಾಮಿಗಳು ನನ್ನ ತಾತ ಪಾಲಾಕ್ಷಪ್ಪನಿಗೆ ಕೊಟ್ಟದ್ದಂತೆ. ನನ್ನ ಅವ್ವ ನಾಗಲಿಂಗಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ, ಅಂದರೆ ಅರವತ್ತು ವರ್ಷದಿಂದ, ಪ್ರತಿ ಸೋಮವಾರ ಚೀಲಕ್ಕೆ ವಿಭೂತಿ ಹಚ್ಚಿ ಹೂವೇರಿಸುತ್ತಾಳೆ. ಯುಗಾದಿಗೊಮ್ಮೆ ಹೊರಗೆ ತೆಗೆದು, ಎಣ್ಣೆ ಸವರಿ, ಒರೆಸಿ ಮತ್ತೆ ನೇತುಹಾಕುತ್ತಾಳೆ. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ತಾತನನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ. ಸೋಮವಾರ ನಾವೆಲ್ಲ ಕೈಮುಗಿದಂತೆ ಮಾಡಿ ಮಂಡಕ್ಕಿ ಒಗ್ಗರಣೆಗೆ ಓಡಿದರೆ, ಆತ ಮಾತ್ರ ಆ ಚೀಲದ ಮುಂದೆ ನಿಂತೇ ಇರುತ್ತಿದ್ದ. ಎಂಥ ಭಕ್ತಿ ಎಂದು ಓಣಿಯೇ ಹೊಗಳುತ್ತಿತ್ತು.

ಇನ್ನು ನನ್ನ ಪಾಪದ ವಿಷಯ. ನಾನು ಹಂಪೇಶ್, ಹಡಗಲಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದೇನೆ. ಮೊಟ್ಟೆ ಬೆರೆಸಿದ ಬಿಸ್ಕತ್ತೂ ಹೊಸ್ತಿಲು ದಾಟದ ಮನೆಯಲ್ಲಿ ಹುಟ್ಟಿಯೂ ನನಗೆ ಮೀನು ಹಿಡಿಯುವ ಹುಚ್ಚು. ತಿನ್ನುವುದಿಲ್ಲ, ದೇವರಾಣೆ! ಹಿಡಿದದ್ದೆಲ್ಲ ಶಾಲೆಯ ಗೆಳೆಯ ಓಬಳೇಶನ ಮನೆಗೆ. ಭಾನುವಾರ ವಸೂಲಿಗೆ ಹೋಗುತ್ತೇನೆಂದು ಹೇಳಿ ಹೊಳೆಗೆ ಹೋಗುವುದು, ನಿಂಬೆಹಣ್ಣಿನಿಂದ ಕೈ ತಿಕ್ಕಿಕೊಂಡು ಮನೆಗೆ ಬರುವುದು, ಹೀಗೆ ಹತ್ತು ವರ್ಷ ನಡೆದಿದೆ.

ಈ ಯುಗಾದಿಗೆ ಅವ್ವನಿಗೆ ಮಂಡಿ ನೋವು. ಬೆತ್ತಕ್ಕೆ ಎಣ್ಣೆ ಹಚ್ಚುವ ಕೆಲಸ ನನಗೆ ಬಿತ್ತು. ಚೀಲ ಬಿಚ್ಚಿದೆ. ಒಳಗೆ ಮೂರು ತುಂಡುಗಳು. ಒಂದರೊಳಗೊಂದು ಕೂರಲು ಹಿತ್ತಾಳೆಯ ಕೊಳವೆಗಳು. ಬೆಲ್ಲದ ಬಣ್ಣದ ಬಿದಿರಿನ ಮೇಲೆ ರೇಷ್ಮೆ ದಾರ ಸುತ್ತಿ ಕಟ್ಟಿದ ಸಣ್ಣ ಸಣ್ಣ ತಂತಿಯ ಉಂಗುರಗಳು. ಸ್ವಾಮಿಗಳ ಬೆತ್ತಕ್ಕೆ ದಾರ ಹಾಯಿಸುವ ಉಂಗುರ ಯಾಕೆ ಬೇಕು? ಫೋಟೊ ತೆಗೆದು ಓಬಳೇಶನಿಗೆ ಕಳಿಸಿದೆ.

ಐದು ನಿಮಿಷಕ್ಕೆ ಅವನ ಫೋನು ಬಂತು. "ಲೇ, ಇದು ಬೆತ್ತ ಅಲ್ಲಲೇ, ಗಾಳದ ಕೋಲು! ಬಿದಿರು ಸೀಳಿ ಆರು ಪಟ್ಟಿ ಅಂಟಿಸ್ಯಾರ ನೋಡು. ಈಗ ಇಂಥಾದ್ದು ಹುಡುಕಿದ್ರೂ ಸಿಗಂಗಿಲ್ಲ."

"ಕಟ್ಲಾದಂಥ ದೊಡ್ಡ ಮೀನು ಎಳೀತತೇನು?"

"ಕಟ್ಲಾ ಎಳ್ಯಾಕ ನಮ್ಮ ಫೈಬರ್ ಕೋಲು ಅದಾವಲ್ಲ. ಇದು ದಂಡಿ ಮ್ಯಾಲೆ ಸಮಾಧಾನದಾಗ ಕುಂತು ಸಣ್ಣ ಮೀನು ಹಿಡಿಯೋದು. ಮೀನು ಮೂತಿ ತಾಗಿಸಿದ್ರೂ ಮುಂಗೈಗೆ ಗೊತ್ತಾಕ್ಕತಿ. ಆದ್ರ ಗ್ವಾಡಿಗೆ ಒರಗಿಸಿಟ್ರ ಡೊಂಕಾಕ್ಕತಿ, ನೇತುಹಾಕಬೇಕು. ಆಗಾಗ ಎಣ್ಣಿ ಒರೆಸಬೇಕು. ನಿಮ್ಮವ್ವ ಪೂಜಿ ಮಾಡಿ ಮಾಡೇ ಇದನ್ನ ಉಳಿಸ್ಯಾಳ ನೋಡಲೇ!"

ಅವತ್ತಿನಿಂದ ನನಗೆ ವ್ಯಾಪಾರದಲ್ಲಿ ಮನಸ್ಸೇ ಇಲ್ಲ. ಒಂದೇ ಒಂದು ಸಲ ಆ ಕೋಲಿನಿಂದ ಗಾಳ ಹಾಕಬೇಕು. ಆದರೆ ಅವ್ವನಿಗೆ ಗೊತ್ತಾದರೆ? ಅರವತ್ತು ವರ್ಷ ಗಾಳದ ಕೋಲಿಗೆ ಕೈಮುಗಿದೆನೆಂದು ತಿಳಿದಾಗ ಆಕೆಯ ಮುಖ ಹೇಗಾದೀತೋ, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ನಮ್ಮ ಕಡೆ ದೇವರನ್ನು ಹೊಳೆಗೆ ಒಯ್ದು ತೊಳೆದು ತರುವ ಪದ್ಧತಿ ಇದೆ. ಅದನ್ನೇ ಹಿಡಿದೆ. "ಯವ್ವಾ, ತಾತನ ಬೆತ್ತ ಒಮ್ಮೆನೂ ಹೊಳಿ ಕಂಡಿಲ್ಲ. ಮೈಲಾರದ ಕಡೆ ಒಯ್ದು ತೊಳಕೊಂಡು ಬರ್ಲೇನು?"

ಅವ್ವ ನನ್ನ ಮುಖವನ್ನೇ ನೋಡಿದಳು. "ಹೂಂ, ಒಯ್ಯೋಣು. ನಾನೂ ಬರ್ತೀನಿ."

ಅಲ್ಲಿಗೆ ನನ್ನ ಉಪಾಯ ನೆಗೆದು ಬಿತ್ತು.

ಭಾನುವಾರ ಬೆಳಿಗ್ಗೆ ಮೈಲಾರಕ್ಕಿಂತ ಎರಡು ಮೈಲಿ ಮೇಲೆ, ಜನ ಇಲ್ಲದ ಕಡೆ ಕಾರು ನಿಲ್ಲಿಸಿದೆ. ಅವ್ವ ಬರುವುದು ಗೊತ್ತಿಲ್ಲದ ಓಬಳೇಶ ಮೊದಲೇ ಬಂದಿದ್ದ. ಅವ್ವನನ್ನು ಕಂಡವನೇ ಎರೆಹುಳದ ಡಬ್ಬಿಯನ್ನು ಟವೆಲಿನಡಿ ತುರುಕಿ, ಮಹಾ ಭಕ್ತನಂತೆ ಕೈಮುಗಿದು ನಿಂತ. ಮಂಡಿ ನೋವಿನ ಅವ್ವ ನನ್ನ ಕೈಯನ್ನೂ ಹಿಡಿಯದೆ ದಡದಡ ದಂಡೆ ಇಳಿದಳು. ಮೂರೂ ತುಂಡುಗಳಿಗೆ ನೀರು ಸೋಕಿಸಿ, ವಿಭೂತಿ ಹಚ್ಚಿ, ಕಾಯಿ ಒಡೆದಳು. ಆಮೇಲೆ ಬಂಡೆಯ ಮೇಲೆ ಕೂತು ಹೇಳಿದಳು:

"ಜೋಡಿಸು."

"ಏನು ಯವ್ವಾ?"

"ಕೋಲು ಜೋಡಿಸಲೇ. ಓಬಳೇಶಾ, ಆ ಹುಳದ ಡಬ್ಬಿ ನೆರಳಿಗಿಡು, ಸಾಯ್ತಾವ."

ಓಬಳೇಶ ಟವೆಲಿನಡಿಯಿಂದ ಡಬ್ಬಿ ತೆಗೆದು ನೆರಳಿಗಿಟ್ಟ. ಅವ್ವ ನೀರು ನೋಡುತ್ತ ಹೇಳತೊಡಗಿದಳು.

"ಸ್ವಾಮಿಗೋಳೂ ಇಲ್ಲ, ಮಠಾನೂ ಇಲ್ಲ. ಡ್ಯಾಮ್ ಕಟ್ಟೋವಾಗ ಬಂದಿದ್ದ ಯಾರೋ ದೊರಿ ಮಾವಾರಿಗೆ ಕೊಟ್ಟು ಹೋಗಿದ್ದ. ಮಾವಾರು ದಿನಾ ಹೊಳಿಗೆ ಬರೋರು. ಹಿಡಿಯೋದು, ಬಿಡೋದು. ಮಂದಿ ಆಡಿಕೊಂಡ್ರು. ಅತ್ತಿಯಾರು ಬೈದೂ ಬೈದೂ ಸಾಕಾಗಿ ಒಂದಿನ ಕೋಲಿಗೆ ವಿಭೂತಿ ಹಚ್ಚಿ ಜಗಲಿ ಮಗ್ಗಲಿಗೆ ನೇತುಹಾಕಿಬಿಟ್ರು. ದೇವ್ರು ಆದ ಮ್ಯಾಲೆ ಮೀನು ಹಿಡ್ಯಾಕ ಹೆಂಗ ತಗೊಳ್ತಾರ?"

ಚೀಲದ ಮುಂದೆ ನಿಂತೇ ಇರುತ್ತಿದ್ದ ತಾತ ಕಣ್ಣಿಗೆ ಕಟ್ಟಿದ. ಬಡಪಾಯಿ! ತನ್ನ ಗಾಳದ ಕೋಲಿಗೆ ತಾನೇ ಇಪ್ಪತ್ತು ವರ್ಷ ಕೈಮುಗಿದಿದ್ದ.

"ಕಡೀಕ ಹಾಸಿಗಿ ಹಿಡಿದಾಗ ನನ್ನ ಕೇಳಿದ್ರು, 'ನಾಗವ್ವಾ, ಒಮ್ಮೆ ಇಳಿಸಿ ಕೊಡವಾ, ಕೈಯಾಗ ಹಿಡೀತೀನಿ' ಅಂತ. ಅತ್ತಿಯಾರಿಗೆ ಅಂಜಿ ಕೊಡ್ಲಿಲ್ಲ." ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತಿನಿಂದ ಆ ತಪ್ಪಿಗಂತಾನೇ ಎಣ್ಣಿ ಹಚ್ಚಿಕೊಂತ ಬಂದೀನಿ. ನಿನ್ನ ಕೈ ನಿಂಬಿಹಣ್ಣು ನಾರಾಕ ಹತ್ತಿ ಹತ್ತು ವರ್ಷಾತು. ಯಾವಾಗ ಕೇಳ್ತೀಯೋ ಅಂತ ಕುಂತಿದ್ದೆ."

ನಾನು ಕೋಲು ಜೋಡಿಸಿದೆ. ಓಬಳೇಶ ತನ್ನ ಸಣ್ಣ ರೀಲು ಕಟ್ಟಿ, ಹುಳ ಸಿಕ್ಕಿಸಿ, ದಾರಕ್ಕೆ ಕಟ್ಟಿದ ಬೆಂಡನ್ನು ನೀರಿನ ಮೇಲೆ ತೇಲಿಬಿಟ್ಟ. ಹಿಡಿಯಲು ನಾನು ತಿಂಗಳಿಂದ ಕಾದಿದ್ದ ಕೋಲನ್ನು ಅವ್ವನ ಕೈಗೆ ಕೊಟ್ಟೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೆಂಡು ಒಮ್ಮೆ ನಡುಗಿತು, ಮುಳುಗಿತು. ಕೋಲು ತುದಿಯಿಂದ ನಡುವಿನವರೆಗೂ ಮೆಲ್ಲಗೆ ಬಾಗಿತು.

"ಅಯ್ಯಯ್ಯ, ಎಳೀತತಿ! ಹಂಪಣ್ಣಾ, ಎಳೀತತಿ!" ಎಂಬತ್ತರ ಅವ್ವ ಎದ್ದು ನಿಂತುಬಿಟ್ಟಳು.

ಬಂದದ್ದು ಬೆರಳುದ್ದದ ಪಕ್ಕೆ ಮೀನು. ಓಬಳೇಶ ಗಾಳ ಬಿಡಿಸಿ, ನೀರಿನೊಂದಿಗೆ ಅವ್ವನ ಬೊಗಸೆಗೆ ಹಾಕಿದ. ಅದು ಅವಳ ಅಂಗೈಯಲ್ಲಿ ಒಂದು ಸುತ್ತು ತಿರುಗಿತು.

"ಇಷ್ಟರ ಸಲುವಾಗಿ ಮಾವಾರು ಅಷ್ಟು ಬೈಸಿಕೊಂಡ್ರಾ?" ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಬಾಯಲ್ಲಿ ನಗು. ಬಗ್ಗಿ ಮೀನನ್ನು ಹೊಳೆಗೆ ಬಿಟ್ಟಳು, ಕೈ ಒರೆಸಿಕೊಂಡಳು, ಮತ್ತೆ ಬಂಡೆಯ ಮೇಲೆ ಕೂತಳು.

"ಇನ್ನೊಂದು ಹುಳ ಹಾಕು."